ನಿಮಗಿದು ಗೊತ್ತೇ? ಎಂಬತ್ತರಲ್ಲಿ ನೀರಿಗಿಳಿದು ನೂರಕ್ಕೆ ದಾಖಲೆ

ಅಂತರರಾಷ್ಟ್ರೀಯ ಈಜಿನ ನಿಯಮದಂತೆ 25 ವರ್ಷ ಆದವರೆಲ್ಲ 'ಮಾಸ್ಟರ್ಸ್' ವಿಭಾಗಕ್ಕೆ ಸೇರುತ್ತಾರೆ. ಕಳೆದ ವರ್ಷವಷ್ಟೇ ಈಜು ಕಲಿತವರೂ ಮಾಸ್ಟರ್ಸೇ.

ಐದೈದು ವರ್ಷಕ್ಕೊಂದು ಗುಂಪು: 25–29, 30–34, ಹೀಗೇ ಏರುತ್ತಾ ನೂರು ದಾಟಿದವರಿಗೂ ಜಾಗವಿದೆ. 42ರ ಗೃಹಿಣಿ 22ರ ಹುಡುಗಿಯ ಜತೆ ಪೈಪೋಟಿಗಿಳಿಯಬೇಕಾಗಿಲ್ಲ. ವಯಸ್ಸಿನ ಲೆಕ್ಕ ಆ ವರ್ಷದ ಡಿಸೆಂಬರ್ 31ಕ್ಕೆ.

ಈ ಲೆಕ್ಕದಿಂದಲೇ ಆಸ್ಟ್ರೇಲಿಯಾದ ಜಾರ್ಜ್ ಕೊರೋನ್ಸ್ 99ರಲ್ಲಿದ್ದಾಗಲೇ 100–104ರ ಗುಂಪಿನಲ್ಲಿ ಈಜಿದರು. 2018ರ ಫೆಬ್ರುವರಿಯಲ್ಲಿ ಅವರು 50 ಮೀಟರ್ ಫ್ರೀಸ್ಟೈಲ್ ಮುಗಿಸಿದ್ದು 56.12 ಸೆಕೆಂಡಿನಲ್ಲಿ. ಹಳೆಯ ದಾಖಲೆಗಿಂತ 35 ಸೆಕೆಂಡು ಕಡಿಮೆ! ಎರಡನೇ ಮಹಾಯುದ್ಧದ ಕಾಲಕ್ಕೆ ಬಿಟ್ಟುಹೋಗಿದ್ದ ಈಜನ್ನು ಮತ್ತೆ ಹಿಡಿದಾಗ ಅವರಿಗೆ 80.

ಕೊರೋನ್ಸ್‌ಗೆ ಹರೆಯದ ಈಜಾದರೂ ಇತ್ತು. ಜಪಾನಿನ ಮಿಯೆಕೊ ನಾಗಾವೊಕಾ ಎಂಬತ್ತರ ಹೊಸ್ತಿಲಲ್ಲಿ ಮಂಡಿನೋವಿಗೆ ಆರೈಕೆಯಾಗಲೆಂದು ಕೊಳಕ್ಕಿಳಿದವರು. 2015ರಲ್ಲಿ, ನೂರು ತುಂಬಿದ ಮೇಲೆ, 25 ಮೀಟರ್ ಕೊಳದಲ್ಲಿ 1500 ಮೀಟರ್ ಈಜಿದರು. ಆ ತುದಿಯಿಂದ ಈ ತುದಿಗೆ 60 ಸಲ. 1 ಗಂಟೆ 15 ನಿಮಿಷ 54.39 ಸೆಕೆಂಡು. ನೂರಾದವರೊಬ್ಬರು ಅಷ್ಟು ದೂರ ಪೂರೈಸಿದ್ದು ಅದೇ ಮೊದಲು. ಸ್ಪರ್ಧೆ ಫ್ರೀಸ್ಟೈಲಿನದು, ಅಜ್ಜಿ ಈಜಿದ್ದು ಅಂಗಾತವಾಗಿ. ಅದಕ್ಕೆ ಅಡ್ಡಿಯಿಲ್ಲ: ಫ್ರೀಸ್ಟೈಲಿನಲ್ಲಿ ಯಾವ ಶೈಲಿಯಾದರೂ ಸರಿ. ಎಲ್ಲರೂ ಕ್ರಾಲ್ ಈಜುವುದು ಅದು ಎಲ್ಲಕ್ಕಿಂತ ವೇಗದ್ದು ಎಂಬ ಕಾರಣಕ್ಕೆ.

ಡೈವ್ ಬಾರದೇ? ಮಾಸ್ಟರ್ಸ್‌ನಲ್ಲಿ ಕೊಳದ ಅಂಚಿನಿಂದ ಹಾರಬಹುದು, ನೀರೊಳಗೇ ನಿಂತು ಹೊರಡಲೂಬಹುದು.

ಬಟರ್‌ಫ್ಲೈಗೆ ಡಾಲ್ಫಿನ್ನಿನಂತೆ ಕಾಲು ಬಡಿಯಲು ಆಗದವರು ಬ್ರೆಸ್ಟ್‌ಸ್ಟ್ರೋಕಿನ ಕಾಲು ಹೊಡೆಯಬಹುದು. ಈ ನಿಯಮ ಬರೆದವರ ಬಗ್ಗೆ ನನಗೆ ತುಂಬಾ ಪ್ರೀತಿ.

ರಿಲೇಯಲ್ಲಿ ನಾಲ್ವರ ವಯಸ್ಸು ಕೂಡಿಸಿ ಗುಂಪು ಮಾಡುತ್ತಾರೆ. 26ರ ಮಗಳು, 54ರ ಅಮ್ಮ ಒಂದೇ ತಂಡದಲ್ಲಿ ಈಜಬಹುದು.

ದೊಡ್ಡವರಿಗೆಂದೇ ಅಮೆರಿಕದಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1970ರಲ್ಲಿ, ಟೆಕ್ಸಾಸಿನ ಅಮರಿಲೊದಲ್ಲಿ. ಹಿಂದಿದ್ದ ಶಕ್ತಿ ನೌಕಾಪಡೆಯ ವೈದ್ಯ ರ್‍ಯಾನ್ಸಮ್ ಆರ್ಥರ್. ಮೊದಲ ವಿಶ್ವ ಮಾಸ್ಟರ್ಸ್ 1986ರಲ್ಲಿ, ಟೋಕಿಯೊದಲ್ಲಿ.

ಒಂದೇ ಲ್ಯಾಪಿಗೆ ಏದುಸಿರು ಬಂದರೆ ವಯಸ್ಸನ್ನು ಬೈಯಬೇಡಿ. ಹೊಸಬರು ನೀರೊಳಗೆ ಉಸಿರು ಬಿಗಿಹಿಡಿಯುತ್ತಾರೆ. ಹೊರಹೋಗದೆ ಉಳಿದ ಇಂಗಾಲದ ಡೈಆಕ್ಸೈಡೇ ಎದೆಯನ್ನು ಚಡಪಡಿಸುವಂತೆ ಮಾಡುವುದು. ಮುಖ ನೀರಲ್ಲಿರುವಾಗಲೇ ಗುಳುಗುಳು ಉಸಿರು ಬಿಡಿ, ಪಕ್ಕಕ್ಕೆ ತಿರುಗಿದಾಗ ಎಳೆದುಕೊಳ್ಳುವ ಕೆಲಸವಷ್ಟೇ ಉಳಿಯುತ್ತದೆ.

ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟು. ಹಾಗಾಗಿ ತೋಳ್ಬಲ ಹೆಚ್ಚಿಸುವುದಕ್ಕಿಂತ ಮೈ ನೇರ ಮಾಡುವುದರಲ್ಲಿ ಲಾಭ ಜಾಸ್ತಿ. ತಲೆ ಎತ್ತಿದರೆ ಸೊಂಟ, ಕಾಲು ಮುಳುಗುತ್ತವೆ. ಊರಿನ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತವರು ತಲೆ ಮೇಲಿಟ್ಟೇ ಈಜಿ ಅಭ್ಯಾಸವಾದವರು. ಸ್ಪರ್ಧೆಗೆ ಬಂದಾಗ ಅವರು ಮೊದಲು ಬಿಡಬೇಕಾದದ್ದು ಅದನ್ನೇ.

ಕೊಳದ ಮೇಲೆ ತೋರಣದಂತೆ ತೂಗುವ ಬಾವುಟಗಳು ಯಾಕೆ ಗೊತ್ತೇ? ಅಂಗಾತ ಈಜುವವರಿಗೆ ಗೋಡೆ ಕಾಣದು. ಬಾವುಟದ ಸಾಲಿನಿಂದ ಗೋಡೆಗೆ ಸರಿಯಾಗಿ 5 ಮೀಟರ್. ಆ ದೂರಕ್ಕೆ ನಿಮಗೆ ಎಷ್ಟು ಕೈ ಬೇಕೆಂದು ನಾಳೆ ಬೆಳಗ್ಗೆ ಎಣಿಸಿ ನೋಡಿ.