ಗೋಳದ ಮೇಲೊಂದು ದಾರ

ಮಕ್ಕಳ ಮೇಜಿನ ಮೇಲಿರುವ ಗೋಳವನ್ನು ಎತ್ತಿಕೊಳ್ಳಿ. ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ಚೀನಾ, ಜಪಾನ್ ದಾಟಿ ಪೆಸಿಫಿಕ್ ಮೇಲೆ ಹೋಗಬಹುದೆಂದು ನಾನೂ ಎಣಿಸಿದ್ದೆ. ಆದರೆ ದಾರ ಬಿಗಿಯಾದಂತೆಲ್ಲ ಉತ್ತರಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್ ದಾಟಿ, ಸೈಬೀರಿಯಾ ಹತ್ತಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ.

ಈಗ ದಾರವನ್ನು ಸ್ಕೇಲಿನ ಮೇಲಿಡಿ. ಗೋಳದ ಅಡ್ಡಳತೆ 30 ಸೆಂ.ಮೀ. ಇದ್ದರೆ ದಾರ ಹೆಚ್ಚುಕಡಿಮೆ 33 ಸೆಂ.ಮೀ. ಬರುತ್ತದೆ. ಗೋಳದ ಸುತ್ತಳತೆ 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ತ್ರೈರಾಶಿ ಹಾಕಿದರೆ 14,000 ಕಿ.ಮೀ. ಸಿಗುತ್ತದೆ. ಗೋಡೆಗೆ ತೂಗುಹಾಕುವ ಮರ್ಕೇಟರ್ ನಕಾಶೆಯಲ್ಲಿ ಸ್ಕೇಲಿಟ್ಟು ಎಳೆದ ನೇರ ಗೆರೆಯನ್ನೇ ಹಿಡಿದು ಹಾರಿದರೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಸುತ್ತು ಬೀಳುತ್ತದೆ.

ಕಂಪ್ಯೂಟರಿಗೆ ದಾರ ಬೇಡ. ಭೂಮಿಯ ನಡುಮಧ್ಯದಲ್ಲಿ ನಿಂತು ಒಂದು ಕೈ ಬೆಂಗಳೂರಿಗೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊಗೆ ಚಾಚಿದರೆ ಎರಡು ಕೈಗಳ ನಡುವೆ ಎಷ್ಟು ಕೋನ ಎಂದು ಅದು ಅಕ್ಷಾಂಶ, ರೇಖಾಂಶಗಳಿಂದ ಲೆಕ್ಕ ಹಾಕುತ್ತದೆ. ಇಲ್ಲಿ ಅದು ಸುಮಾರು 126 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ; ಹಡಗಿನವರು ತಮ್ಮ ಮೈಲಿಯನ್ನು ಹುಟ್ಟಿಸಿದ್ದೇ ಕೋನವನ್ನು ಭಾಗ ಮಾಡಿ. ವಿಮಾನದವರು ಇವತ್ತಿಗೂ ಅದನ್ನೇ ಬಳಸುತ್ತಾರೆ.

ವಿಮಾನ ಆ ದಾರದ ಮೇಲೆಯೇ ಹೋಗುತ್ತದೆಯೇ? ಇಲ್ಲ. ಒಳಗಿನ ಗಾಳಿಯೊತ್ತಡ ತಪ್ಪಿದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟಿನಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸಾಮಾನ್ಯವಾಗಿ ಟಿಬೆಟನ್ನು ಬಿಟ್ಟು ಸುತ್ತಿಕೊಂಡೇ ಹೋಗುತ್ತಾರೆ.

ಇನ್ನು ಹೊತ್ತಿನ ಮಾತು. ಗಂಟೆಗೆ 900 ಕಿ.ಮೀ. ಎಂದರೆ ಹದಿನೈದೂವರೆ ಗಂಟೆ. ಆದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಇದೆ. ಬೆನ್ನ ಹಿಂದಿನಿಂದ 100 ಕಿ.ಮೀ. ವೇಗದಲ್ಲಿ ತಳ್ಳಿದರೆ 14 ಗಂಟೆ ಸಾಕು; ಅದೇ ಗಾಳಿ ಎದುರಾದರೆ ಹದಿನೇಳೂವರೆ. ಹೋಗುವಾಗ ಉಳಿದದ್ದು ಒಂದೂವರೆ ಗಂಟೆ, ಬರುವಾಗ ಕಳೆದದ್ದು ಎರಡು! ಎದುರುಗಾಳಿಯಲ್ಲಿ ವಿಮಾನ ನಿಧಾನವಾಗುವುದಷ್ಟೇ ಅಲ್ಲ, ಆ ಗಾಳಿಯಲ್ಲೇ ಹೆಚ್ಚು ಹೊತ್ತು ಸಿಕ್ಕಿಕೊಂಡೂ ಇರುತ್ತದೆ. ಇಷ್ಟು ಸರಳವಾದ ಲೆಕ್ಕದಲ್ಲಿ ಇಂಥದ್ದೊಂದು ಅಡಗಿರುವುದು ನನಗಂತೂ ಬಹಳ ಇಷ್ಟ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂತು. ದಾರದ ದಾರಿಗಿಂತ ಉದ್ದ, ನಿಜ. ಆದರೆ ಪೆಸಿಫಿಕ್‌ನ ಎದುರುಗಾಳಿ ತಪ್ಪಿತು. ಹೊರಟದ್ದು ಅಲ್ಲಿನ 9ನೇ ತಾರೀಖು ಶನಿವಾರ ರಾತ್ರಿ ಎಂಟೂವರೆ ಸುಮಾರಿಗೆ. ಹಾಗಾದರೆ ಇಲ್ಲಿ ಇಳಿದದ್ದು ಎಷ್ಟು ಹೊತ್ತಿಗೆ? ಇಂಥ ಲೆಕ್ಕಕ್ಕೆ ಮೊದಲು ಎರಡೂ ಕಡೆಯ ಗಡಿಯಾರವನ್ನು ಒಂದಾಗಿಸಿಕೊಳ್ಳಬೇಕು: ಚಳಿಗಾಲದಲ್ಲಿ ನಾವು ಹದಿಮೂರೂವರೆ ಗಂಟೆ ಮುಂದೆ. ಅಂದರೆ ಬೆಂಗಳೂರಿನಲ್ಲಿ ಆಗಲೇ ಭಾನುವಾರ ಬೆಳಿಗ್ಗೆ ಹತ್ತು. ಅದಕ್ಕೆ ಹಾರಾಟದ ಸುಮಾರು 17 ಗಂಟೆ ಕೂಡಿಸಿದರೆ ಸೋಮವಾರ ನಸುಕಿನ ಮೂರು. ವಿಮಾನ ಇಳಿದದ್ದೂ ಆ ನಸುಕಿನಲ್ಲೇ.