ರಾಷ್ಟ್ರಗೀತೆಯ ಹೊತ್ತಿನಲ್ಲಿ ಮೌನವಾಗಿ ನಿಂತವರು

ಈ ಸಲದ ಮಾತು ವಿಶೇಷವಾಗಿ ನಮ್ಮ ಯುವ ಕೇಳುಗರಿಗೆ, ಅಂದರೆ ಇಲ್ಲೇ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಹುಟ್ಟಿ ಬೆಳೆದ ನಿಮಗೆ. ದೊಡ್ಡವರೂ ಜೊತೆಗೆ ಕೂತು ಕೇಳಿದರೆ ಇನ್ನೂ ಸಂತೋಷ.

ಕಳೆದ ರಾಜ್ಯೋತ್ಸವದ ದಿನ ನಾನು ಎಂದಿನಂತೆ ವೇದಿಕೆಯ ಹಿಂದೆ ಮಕ್ಕಳ ಸೀರೆ ಪಿನ್ನು, ಹೂವಿನ ದಂಡೆ ನೋಡಿಕೊಳ್ಳುತ್ತಿದ್ದೆ. ನಮ್ಮ ಕಾರ್ಯಕ್ರಮಗಳಲ್ಲಿ ಮೂರು ಗೀತೆಗಳಿಗೆ ಎದ್ದು ನಿಲ್ಲುತ್ತೇವಲ್ಲ, ಆಸ್ಟ್ರೇಲಿಯಾದ ರಾಷ್ಟ್ರಗೀತೆ, ‘ಜನ ಗಣ ಮನ’ ಮತ್ತು ನಮ್ಮ ನಾಡಗೀತೆ. ಆ ದಿನ ಹದಿನೈದು ವರ್ಷದ ಹುಡುಗಿಯೊಬ್ಬಳು ಮೊದಲನೆಯದಕ್ಕೆ ನೆಟ್ಟಗೆ ನಿಂತಳು, ಆದರೆ ಹಾಡಲಿಲ್ಲ. ಉಳಿದೆರಡನ್ನು ಹಾಡಿದಳು. ಹಿರಿಯರೊಬ್ಬರ ಕಣ್ಣಿಗೆ ಅದು ಬಿತ್ತು. “ಏನಮ್ಮಾ, ಅನ್ನ ಕೊಟ್ಟ ದೇಶದ ಹಾಡಿಗೆ ಬಾಯಿ ಬರಲಿಲ್ವಾ?” ಎಂದು ಎಲ್ಲರ ಮುಂದೆ ಕೇಳಿಯೇಬಿಟ್ಟರು. ಅವಳ ಕಣ್ಣಲ್ಲಿ ನೀರು. ಆಮೇಲೆ ನನ್ನ ಹತ್ತಿರ ಬಂದು, “ಆಂಟಿ, ಶಾಲೆಯಲ್ಲಿ ನನ್ನ ಫ್ರೆಂಡ್ ಮೂಲನಿವಾಸಿ ಮನೆಯವಳು. ಅವಳು ಹಾಡಲ್ಲ. ಅವಳ ಜೊತೆ ನಾನೂ ಸುಮ್ಮನಿರ್ತೀನಿ. ತಪ್ಪಾ?” ಎಂದಳು.

ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಆ ಹಿರಿಯರ ಮಾತು ಒಂದು ಕಾಲಕ್ಕೆ ನನ್ನದೂ ಆಗಿತ್ತು. 2019ರಲ್ಲಿ ಟಿವಿಯಲ್ಲಿ ಸ್ಟೇಟ್ ಆಫ್ ಒರಿಜಿನ್ ರಗ್ಬಿ ಲೀಗ್ ಪಂದ್ಯ ನೋಡುವಾಗ, ಆಟಗಾರರು ಹಾಡದೆ ನಿಂತದ್ದು ಕಂಡು “ಅಧಿಕಪ್ರಸಂಗ” ಎಂದಿದ್ದವಳು ನಾನು. “ಅಮ್ಮಾ, ಅವರು ಯಾಕೆ ಹಾಡಲಿಲ್ಲ ಅಂತ ಗೊತ್ತಾ?” ಎಂದು ಮಗ ಕೇಳಿದ. ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ಕಥೆ ಶುರುವಾಗುವುದು ಮೆಲ್ಬರ್ನ್‌ನ ಕೋಬರ್ಗ್‌ನಲ್ಲಿ ಹುಟ್ಟಿದ ಪೀಟರ್ ನಾರ್ಮನ್ ಅವರಿಂದ. 1968ರ ಅಕ್ಟೋಬರ್ 16ರಂದು ಮೆಕ್ಸಿಕೋ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಅವರು 20.06 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದರು. ಚಿನ್ನ ಅಮೆರಿಕದ ಟಾಮಿ ಸ್ಮಿತ್ ಅವರಿಗೆ, ಕಂಚು ಅಮೆರಿಕದವರೇ ಆದ ಜಾನ್ ಕಾರ್ಲೋಸ್ ಅವರಿಗೆ. ಪದಕ ವೇದಿಕೆಯ ಮೇಲೆ ಅಮೆರಿಕದ ರಾಷ್ಟ್ರಗೀತೆ ಮೊಳಗುವಾಗ ಆ ಇಬ್ಬರು ಕಪ್ಪುಜನಾಂಗದ ಓಟಗಾರರು ತಲೆ ತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿದರು. ಆ ಚಿತ್ರವನ್ನು ನೀವು ಶಾಲೆಯಲ್ಲಿ ನೋಡಿರಬಹುದು. ಅದರಲ್ಲಿರುವ ಬಿಳಿಯ ಮನುಷ್ಯನೇ ನಾರ್ಮನ್. ಅವರು ಮುಷ್ಟಿ ಎತ್ತಲಿಲ್ಲ. ಆದರೆ ಅವರ ಎದೆಯ ಮೇಲೂ ಆ ಇಬ್ಬರು ಧರಿಸಿದ್ದ ಮಾನವ ಹಕ್ಕುಗಳ ಬ್ಯಾಡ್ಜ್ ಇತ್ತು. ಅದನ್ನು ಅವರೇ ಕೇಳಿ ಪಡೆದು ಹಾಕಿಕೊಂಡಿದ್ದರು. ಕಾರ್ಲೋಸ್ ತಮ್ಮ ಕೈಗವಸು ಮರೆತು ಬಂದಿದ್ದಾಗ, ಇರುವ ಒಂದೇ ಜೋಡಿಯನ್ನು ಇಬ್ಬರೂ ಹಂಚಿಕೊಳ್ಳಿ ಎಂದು ಸೂಚಿಸಿದವರೂ ಅವರೇ ಎನ್ನುತ್ತಾರೆ. ಅದಕ್ಕೇ ಚಿತ್ರದಲ್ಲಿ ಸ್ಮಿತ್ ಅವರ ಬಲಗೈ, ಕಾರ್ಲೋಸ್ ಅವರ ಎಡಗೈ ಮೇಲೆದ್ದಿವೆ.

ಸ್ಮಿತ್ ಮತ್ತು ಕಾರ್ಲೋಸ್ ಅವರನ್ನು ತಂಡದಿಂದ ಅಮಾನತು ಮಾಡಿ ಊರಿಗೆ ಕಳಿಸಲಾಯಿತು. ನಾರ್ಮನ್ ಅವರಿಗೆ ಇಲ್ಲಿ ಟೀಕೆಗಳು ಬಂದವು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅವರು ಹೋಗಲಿಲ್ಲ. ಇದು ಶಿಕ್ಷೆಯೇ, ಅಲ್ಲವೇ ಎಂಬುದರಲ್ಲಿ ಎರಡು ಮಾತಿವೆ. ಶಿಕ್ಷಿಸಿಲ್ಲ ಎಂದು ಆಸ್ಟ್ರೇಲಿಯಾದ ಒಲಿಂಪಿಕ್ ಸಮಿತಿ ಹೇಳುತ್ತ ಬಂದಿದೆ. ಆದರೆ 2012ರ ಅಕ್ಟೋಬರ್‌ನಲ್ಲಿ ಕ್ಯಾನ್‌ಬೆರಾದ ಸಂಸತ್ತು, ಊರಿಗೆ ಮರಳಿದ ಮೇಲೆ ಅವರನ್ನು ನಡೆಸಿಕೊಂಡ ರೀತಿಗಾಗಿ ಕ್ಷಮೆ ಕೇಳಿತು. ಅಷ್ಟರಲ್ಲಿ ನಾರ್ಮನ್ ತೀರಿಕೊಂಡು ಆರು ವರ್ಷವಾಗಿತ್ತು. 2006ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಅವರ ಅಂತ್ಯಸಂಸ್ಕಾರಕ್ಕೆ ಸ್ಮಿತ್ ಮತ್ತು ಕಾರ್ಲೋಸ್ ಅಮೆರಿಕದಿಂದ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. 2019ರಲ್ಲಿ ಆಲ್ಬರ್ಟ್ ಪಾರ್ಕ್‌ನ ಲೇಕ್‌ಸೈಡ್ ಕ್ರೀಡಾಂಗಣದ ಬಳಿ ಅವರ ಪ್ರತಿಮೆ ನಿಂತಿತು. ಮೆಲ್ಬರ್ನ್‌ನ ಮಕ್ಕಳು ಒಂದು ಭಾನುವಾರ ಹೋಗಿ ನೋಡಿ ಬನ್ನಿ.

ಇನ್ನೊಂದು ಮಾತು. ನಾರ್ಮನ್ ಅವರ 20.06 ಸೆಕೆಂಡಿನ ಆಸ್ಟ್ರೇಲಿಯಾ ದಾಖಲೆ 56 ವರ್ಷ ಹಾಗೇ ಉಳಿದಿತ್ತು. 2024ರ ಡಿಸೆಂಬರ್‌ನಲ್ಲಿ 20.04ರಲ್ಲಿ ಓಡಿ ಅದನ್ನು ಮುರಿದ ಗೌಟ್ ಗೌಟ್ ಆಗಿನ್ನೂ ಶಾಲೆಗೆ ಹೋಗುವ ಹುಡುಗ. ಅವನ ತಂದೆ ತಾಯಿ ದಕ್ಷಿಣ ಸುಡಾನಿನಿಂದ ಬಂದವರು, ಅವನು ನಿಮ್ಮ ಹಾಗೆಯೇ ಇಲ್ಲಿ ಹುಟ್ಟಿದವನು.

ಇತ್ತೀಚಿನ ವರ್ಷಗಳಲ್ಲಿ ಈ ಚರ್ಚೆಗೆ ಮತ್ತೆ ಬಿಸಿ ಏರಿಸಿದವರು ಅಮೆರಿಕದ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್. 2016ರಲ್ಲಿ, ಪೊಲೀಸರಿಂದ ಕಪ್ಪುಜನರ ಮೇಲಾಗುವ ಹಿಂಸೆಯನ್ನು ಪ್ರತಿಭಟಿಸಿ ಅವರು ರಾಷ್ಟ್ರಗೀತೆಗೆ ಮೊದಲು ಕೂತರು. ಆಮೇಲೆ, ಮಾಜಿ ಸೈನಿಕರೊಬ್ಬರ ಸಲಹೆ ಕೇಳಿ, ಹೆಚ್ಚು ಗೌರವ ಕಾಣಲಿ ಎಂದು ಒಂದು ಮೊಣಕಾಲೂರಿದರು. ಆದರೂ ಸೈನಿಕರಿಗೆ ಅವಮಾನ ಎಂದೇ ಬಹಳ ಜನ ಕೂಗಿದರು. ಆ ಋತುವಿನ ನಂತರ ಯಾವ ತಂಡವೂ ಅವರನ್ನು ತೆಗೆದುಕೊಳ್ಳಲಿಲ್ಲ.

ಈಗ ನಮ್ಮ ಒರಿಜಿನ್ ಪಂದ್ಯಕ್ಕೆ ಬರೋಣ. 2019ರ ಜೂನ್ 5ರಂದು ಬ್ರಿಸ್ಬೇನ್‌ನಲ್ಲಿ ಮೊದಲ ಪಂದ್ಯ. ನ್ಯೂ ಸೌತ್ ವೇಲ್ಸ್ ತಂಡದ ಕೋಡಿ ವಾಕರ್, ಜಾಶ್ ಆಡೋ-ಕಾರ್, ಲಟ್ರೆಲ್ ಮಿಚೆಲ್, ಎದುರು ತಂಡದ ವಿಲ್ ಚೇಂಬರ್ಸ್ ಮುಂತಾದ ಮೂಲನಿವಾಸಿ ಆಟಗಾರರು ರಾಷ್ಟ್ರಗೀತೆಯನ್ನು ಹಾಡಲಿಲ್ಲ. ಅವರು ಕೂರಲಿಲ್ಲ, ಬೆನ್ನು ತಿರುಗಿಸಲಿಲ್ಲ, ಸುಮ್ಮನೆ ನಿಂತರು. ಈ ಹಾಡು ತನ್ನನ್ನಾಗಲಿ ತನ್ನ ಮನೆಯವರನ್ನಾಗಲಿ ಪ್ರತಿನಿಧಿಸುವುದಿಲ್ಲ ಎಂಬುದು ವಾಕರ್ ಅವರ ಮಾತಿನ ಸಾರಾಂಶ.

ಯಾಕೆ ಪ್ರತಿನಿಧಿಸುವುದಿಲ್ಲ? ಸ್ಕಾಟ್‌ಲೆಂಡಿನಿಂದ ವಲಸೆ ಬಂದ ಪೀಟರ್ ಡಾಡ್ಸ್ ಮೆಕಾರ್ಮಿಕ್ ಈ ಹಾಡನ್ನು ಬರೆದರು. ಸಿಡ್ನಿಯಲ್ಲಿ 1878ರಲ್ಲಿ ಅದನ್ನು ಮೊದಲ ಬಾರಿಗೆ ಹಾಡಲಾಯಿತು. ಅಧಿಕೃತ ರಾಷ್ಟ್ರಗೀತೆಯಾದದ್ದು 1984ರಲ್ಲಿ. ಅದರಲ್ಲಿ ಈ ದೇಶವನ್ನು ‘ಯಂಗ್’ ಎಂದು ಕರೆಯಲಾಗಿತ್ತು. ಹತ್ತಾರು ಸಾವಿರ ವರ್ಷಗಳಿಂದ ಈ ನೆಲದಲ್ಲಿ ಬಾಳಿದವರಿಗೆ, ದೇಶಕ್ಕೆ ವಯಸ್ಸೇ ಆಗಿಲ್ಲ ಎಂದರೆ, ನಿಮ್ಮ ಅಜ್ಜ ಮುತ್ತಜ್ಜರು ಇರಲೇ ಇಲ್ಲ ಎಂದ ಹಾಗೆ. 2015ರಲ್ಲೇ ಯೋರ್ಟಾ ಯೋರ್ಟಾ ಜನಾಂಗದ ಗಾಯಕಿ ಡೆಬೊರಾ ಚೀತಮ್, ಆ ಪದವನ್ನು ಬದಲಿಸಿ ಹಾಡಲು ಒಪ್ಪಿಗೆ ಸಿಗದ ಕಾರಣಕ್ಕೆ, ಮೆಲ್ಬರ್ನ್‌ನ ಎಎಫ್‌ಎಲ್ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಡುವ ಅವಕಾಶವನ್ನೇ ಬಿಟ್ಟುಕೊಟ್ಟಿದ್ದರು.

ಆಮೇಲಿನದನ್ನು ಗಮನಿಸಿ. 2020ರ ಅಕ್ಟೋಬರ್‌ನಲ್ಲಿ ರಗ್ಬಿ ಲೀಗ್ ಆಯೋಗ ಒರಿಜಿನ್ ಪಂದ್ಯಗಳಲ್ಲಿ ರಾಷ್ಟ್ರಗೀತೆಯೇ ಬೇಡ ಎಂದು ತೀರ್ಮಾನಿಸಿತು. ಗದ್ದಲವೆದ್ದಿತು, ಪ್ರಧಾನಿ ಸ್ಕಾಟ್ ಮಾರಿಸನ್ ಮಧ್ಯೆ ಬಂದರು, ಬಹುಬೇಗ ತೀರ್ಮಾನ ತಿರುಗಿತು. ನವೆಂಬರ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ ಗ್ಲಾಡಿಸ್ ಬೆರೆಜಿಕ್ಲಿಯನ್, ಅವರೂ ವಲಸೆ ಬಂದ ಅರ್ಮೇನಿಯನ್ ದಂಪತಿಯ ಮಗಳು, ‘ಯಂಗ್’ ಬದಲು ‘ಒನ್’ ಎನ್ನೋಣ ಎಂದರು. ಡಿಸೆಂಬರ್ 5ರಂದು ನಮ್ಮ ಪ್ಯಾರಮಟ್ಟದಲ್ಲೇ ಅರ್ಜೆಂಟೀನಾ ವಿರುದ್ಧದ ಪಂದ್ಯಕ್ಕೆ ಮುನ್ನ ವಾಲಬೀಸ್ ತಂಡ ಈ ಗೀತೆಯನ್ನು ಇಲ್ಲಿನ ಮೂಲನಿವಾಸಿಗಳ ಇಯೋರಾ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಹಾಡಿತು. 2021ರ ಜನವರಿ 1ರಿಂದ ಆ ಪದ ಅಧಿಕೃತವಾಗಿ ಬದಲಾಯಿತು. ಮೌನವಾಗಿ ನಿಂತವರಿಂದಲೇ ಇದೆಲ್ಲ ಆಯಿತು ಎಂದು ನಾನು ಹೇಳುವುದಿಲ್ಲ, ಕೇಳುತ್ತಿದ್ದವರು ಬಹಳ ಹಿಂದಿನಿಂದ ಇದ್ದರು. ಒಂದು ಪದ ಬದಲಾದರೆ ಸಾಲದು ಎನ್ನುವವರೂ ಇದ್ದಾರೆ. ಆದರೆ ನನ್ನಂಥ ಸಾವಿರಾರು ಮನೆಗಳಲ್ಲಿ “ಯಾಕೆ?” ಎಂಬ ಪ್ರಶ್ನೆ ಎದ್ದದ್ದು ಆ ರಾತ್ರಿಯೇ.

ಇನ್ನು, ಜನಕ್ಕೆ ಇಷ್ಟೊಂದು ಸಿಟ್ಟು ಯಾಕೆ ಬರುತ್ತದೆ? ಅದನ್ನೂ ನಾವು ನ್ಯಾಯವಾಗಿ ನೋಡಬೇಕು. ರಾಷ್ಟ್ರಗೀತೆ ಎಂದರೆ ಹಲವರಿಗೆ ಯುದ್ಧದಲ್ಲಿ ತೀರಿಕೊಂಡ ಅಜ್ಜನ ನೆನಪು, ಪೌರತ್ವ ಸಮಾರಂಭದ ದಿನದ ನೆನಪು. 2021ರ ಜನವರಿಯಲ್ಲಿ ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ‘ಜನ ಗಣ ಮನ’ ಕೇಳುತ್ತ ಮೊಹಮ್ಮದ್ ಸಿರಾಜ್ ಕಣ್ಣೀರಿಟ್ಟದ್ದು ನೆನಪಿದೆಯೇ? ಅವರು ಈ ಪ್ರವಾಸದಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದರು. ಆ ಕಣ್ಣೀರು ಎಷ್ಟು ನಿಜವೋ ವಾಕರ್ ಅವರ ಮೌನವೂ ಅಷ್ಟೇ ನಿಜ. ಎರಡನೆಯ ಕಾರಣ, ಆಟ ನೋಡುವುದೇ ಲೋಕದ ಚಿಂತೆ ಮರೆಯಲು ಎಂಬ ಭಾವನೆ. ಮೂರನೆಯದು ಸ್ವಲ್ಪ ಕಹಿ. ಗೆದ್ದು ಕೊಡುವವರೆಗೆ ಆಟಗಾರ ನಮ್ಮವನು, ಬಾಯಿ ತೆರೆದ ಕೂಡಲೇ “ಸಂಬಳ ತಗೊಂಡು ಆಡು ಸಾಕು” ಎನ್ನುವ ಬುದ್ಧಿ. ಸಿಡ್ನಿ ಸ್ವಾನ್ಸ್‌ನ ಆ್ಯಡಮ್ ಗುಡ್ಸ್ 2014ರಲ್ಲಿ ‘ವರ್ಷದ ಆಸ್ಟ್ರೇಲಿಯನ್’ ಆದವರು. ಅವರು ರಾಷ್ಟ್ರಗೀತೆಯ ವಿರುದ್ಧ ಏನೂ ಮಾಡಿದವರಲ್ಲ, ಜನಾಂಗೀಯ ನಿಂದನೆಯ ಬಗ್ಗೆ ಮಾತಾಡಿದವರು. 2015ರಲ್ಲಿ ಮೈದಾನ ಮೈದಾನಗಳಲ್ಲಿ ಅವರನ್ನು ಬೂ ಎಂದು ಅಣಕಿಸಿದರು. ಆ ವರ್ಷವೇ ಅವರು ಆಟ ಬಿಟ್ಟರು. 2019ರಲ್ಲಿ ಎಎಫ್‌ಎಲ್ ಮತ್ತು ಅದರ 18 ಕ್ಲಬ್‌ಗಳು ಕ್ಷಮೆ ಕೇಳಿದವು.

ನಮ್ಮ ಮನೆಗಳಲ್ಲಿ ನಾಲ್ಕನೆಯ ಕಾರಣವೂ ಒಂದಿದೆ. ಕನ್ನಡದಲ್ಲಿ ಒಂದು ಗಾದೆ, ‘ಉಂಡ ಮನೆಯ ಗಳ ಎಣಿಸಬಾರದು’ ಎಂದು. ಗಳ ಎಂದರೆ ಹಳೆಯ ಮನೆಗಳ ಮಾಡಿಗೆ ಹಾಕುತ್ತಿದ್ದ ಬಿದಿರು. ಊಟ ಹಾಕಿದ ಮನೆಯಲ್ಲಿ ತಲೆಯೆತ್ತಿ, ಎಷ್ಟು ಗಳ ಇವೆ, ಯಾವುದಕ್ಕೆ ಹುಳ ಹಿಡಿದಿದೆ ಎಂದು ಲೆಕ್ಕ ಹಾಕಬೇಡ ಎಂದರ್ಥ. ನಿಮ್ಮ ಅಪ್ಪ ಅಮ್ಮ “ನಮಗ್ಯಾಕೆ ಈ ಉಸಾಬರಿ” ಎನ್ನುವುದು ಹೇಡಿತನದಿಂದಲ್ಲ. ಎರಡು ಸೂಟ್‌ಕೇಸು ಹಿಡಿದು ಬಂದವರಿಗೆ, ಕೆಲಸಕ್ಕೆ, ವೀಸಾಕ್ಕೆ ವರ್ಷಗಟ್ಟಲೆ ಕಾದವರಿಗೆ ಇರುವ ಭಯ ಅದು, ಕೃತಜ್ಞತೆಯೂ ಹೌದು. ಅದನ್ನು ಹಗುರವಾಗಿ ಕಾಣಬೇಡಿ.

ಆದರೆ ಹಿರಿಯರಿಗೂ ನನ್ನದೊಂದು ಮಾತು. ನಾರ್ಮನ್ ಆ ವೇದಿಕೆ ಹತ್ತಿದ ವರ್ಷ ‘ಬಿಳಿಯರ ಆಸ್ಟ್ರೇಲಿಯಾ’ ನೀತಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದರ ಕೊನೆಯ ಕುರುಹುಗಳನ್ನು ವಿಟ್ಲಮ್ ಸರ್ಕಾರ ತೆಗೆದದ್ದು 1973ರಲ್ಲಿ. ನಮ್ಮಂಥವರಿಗೆ ಈ ಮನೆಯ ಬಾಗಿಲು ತಾನಾಗಿ ತೆರೆಯಲಿಲ್ಲ. ಇಲ್ಲಿಯವರೇ ಹಲವರು ತಲೆಯೆತ್ತಿ, ಈ ಗಳಕ್ಕೆ ಹುಳ ಹಿಡಿದಿದೆ ಎಂದು ಹೇಳಿದ್ದರಿಂದ ತೆರೆಯಿತು. ಮೂಲನಿವಾಸಿಗಳಂತೂ ಎಣಿಸುತ್ತಿರುವುದು ತಮ್ಮದೇ ಮನೆಯ ಗಳವನ್ನು. ನಮ್ಮ ಮಕ್ಕಳೂ ಇಲ್ಲಿ ಅತಿಥಿಗಳಲ್ಲ, ಮನೆಯವರು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುವುದು ಪದ್ಧತಿ, ಹಾಡಲೇಬೇಕು ಎಂಬ ಕಾನೂನಿಲ್ಲ. ಭಾರತದಲ್ಲೂ, 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಮೂವರು ಮಕ್ಕಳು ತಮ್ಮ ಧರ್ಮದ ಕಾರಣಕ್ಕೆ ‘ಜನ ಗಣ ಮನ’ ಹಾಡದೆ ಗೌರವದಿಂದ ನಿಂತಿದ್ದರು. ಅವರನ್ನು ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್, ಎದ್ದು ನಿಂತವರು ಹಾಡದಿದ್ದರೆ ಅದು ಅಗೌರವವಲ್ಲ ಎಂದು ಹೇಳಿ ಅವರನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಹಾಗಿದ್ದೂ 2019ರಲ್ಲಿ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ, ಎದ್ದು ನಿಲ್ಲದವರನ್ನು ಉಳಿದ ಪ್ರೇಕ್ಷಕರು ತರಾಟೆಗೆ ತೆಗೆದುಕೊಂಡರು. ಥಿಯೇಟರಿನಲ್ಲಿ ರಾಷ್ಟ್ರಗೀತೆ ಹಾಕುವುದು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ಕೋರ್ಟಿನ ತೀರ್ಪು ಒಂದು ದಿನದಲ್ಲಿ ಬರಬಹುದು, ಜನರ ಮನಸ್ಸು ನಿಧಾನ.

ಆ ಹುಡುಗಿಗೆ ನಾನು ಆಮೇಲೆ ಫೋನ್ ಮಾಡಿದೆ. “ತಪ್ಪಲ್ಲ ಮರಿ. ಹಾಡುವವರ ಹಾಡಿಗೆ ಅಡ್ಡಿ ಮಾಡದೆ ನೆಟ್ಟಗೆ ನಿಂತಿದ್ದೆ, ಅಷ್ಟು ಸಾಕು. ಆದರೆ ಫ್ರೆಂಡ್ ಮಾಡ್ತಾಳೆ ಅಂತ ಮಾತ್ರ ಮಾಡಬೇಡ. ಅವಳ ಹತ್ತಿರ ಕೂತು ಯಾಕೆ ಅಂತ ಕೇಳು. ಆಮೇಲೂ ಸುಮ್ಮನಿರಬೇಕು ಅನಿಸಿದರೆ ಇರು, ಹಾಡಬೇಕು ಅನಿಸಿದರೆ ಹಾಡು. ಯಾರಾದರೂ ಕೇಳಿದರೆ ಅಳಬೇಡ, ಕಾರಣ ಹೇಳು, ಕನ್ನಡದಲ್ಲೇ ಹೇಳು” ಎಂದೆ.

“ಕನ್ನಡದಲ್ಲಿ ಅಷ್ಟೆಲ್ಲ ಹೇಳೋಕೆ ಬರಲ್ಲ ಆಂಟಿ” ಎಂದಳು.

ಅದಕ್ಕೇ ಈ ಲೇಖನ. ಆ ಹಿರಿಯರೂ ನಮ್ಮ ಬಾನುಲಿಯನ್ನು ತಪ್ಪದೆ ಕೇಳುವವರು. ಮುಂದಿನ ರಾಜ್ಯೋತ್ಸವಕ್ಕೆ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವ ಜವಾಬ್ದಾರಿ ನನ್ನದು. ನಿಮ್ಮ ಮನೆಯಲ್ಲಿ ಈ ಬಗ್ಗೆ ಏನು ಮಾತಾಯಿತು ಎಂದು ನಮಗೆ ಬರೆದು ತಿಳಿಸಿ.