ಚಾವಣಿಯ ಚಿಂತೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಅರಿಯದ ಗೃಹಸ್ಥರಿಲ್ಲ. ಆದರೆ ಕಟ್ಟಿದ ಮನೆಯನ್ನು ಕಾಪಾಡಿಕೊಳ್ಳುವುದೂ ಕಷ್ಟವೇ ಎಂಬುದು ನಮಗೆ ನೆನಪಾಗುವುದು ತಲೆಯ ಮೇಲೆ ನೀರು ತೊಟ್ಟಿಕ್ಕಿದಾಗಲೇ. ಸಂಸ್ಕೃತದಲ್ಲಿ ಚಾವಣಿಗೆ 'ಛದಿ' ಎಂದು ಹೆಸರು. ಮುಚ್ಚು ಎಂಬರ್ಥದ ಧಾತುವಿನಿಂದ ಹುಟ್ಟಿದ ಶಬ್ದವದು. ಮುಚ್ಚುವುದು ಮಳೆಯಿಂದ ಮಾತ್ರವಲ್ಲ, ಬಿಸಿಲಿನಿಂದಲೂ ಆಗಬೇಕು. ಹಾಗೆ ಮುಚ್ಚುವ ವಸ್ತುವನ್ನು ಕೆಳಗಿನ ಗೋಡೆಯು ಹೊರಲೂ ಬೇಕು.

ನಮ್ಮ ಮಾರಿಕುಪ್ಪಂ ಗಣಿಗಳಿಂದ ಬೆಳೆದ ಊರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಇಲ್ಲಿಗೆ ರೈಲು ಬಂದಿತು. ಮೊದಮೊದಲು ಕೂಲಿಕಾರರು ಬಿದಿರು ತಟ್ಟಿಯ ಗುಡಿಸಲುಗಳಲ್ಲಿದ್ದರು; ತರುವಾಯ ಲೈನಿನ ಮನೆಗಳ ಮೇಲೆ ತಗಡು ಹೊಳೆಯಿತು. 2001ರಲ್ಲಿ ಗಣಿಗಳು ಮುಚ್ಚಿದವು. ಈಗ ಇಲ್ಲಿನ ಅನೇಕರು ನಸುಕಿನಲ್ಲೆದ್ದು ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ.

ಅಂಥವರಲ್ಲೊಬ್ಬನು ನನ್ನ ಹಳೆಯ ಶಿಷ್ಯ. ಕಳೆದ ಬೇಸಗೆಯಲ್ಲಿ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ತಗಡಿನ ಕೆಳಗೆ ಅಮ್ಮನಿಗೆ ಮಧ್ಯಾಹ್ನ ಉಸಿರಾಡುವುದೇ ಕಷ್ಟವಾಗಿದೆ. ಕೂಡಿಟ್ಟ ಹಣವಿದೆ, ಕಾಂಕ್ರೀಟು ಹಾಕಿಸಿಬಿಡಲೇ?" ಎಂದು ಕೇಳಿದನು.

"ಮೊದಲು ಗೋಡೆಯನ್ನು ಕೇಳಪ್ಪ" ಎಂದೆನು.

ಅವನದು ಕಲ್ಲುಮಣ್ಣಿನಿಂದ ಕಟ್ಟಿದ ಹಳೆಯ ಗೋಡೆ. ಕೋಣೆ 20 ಅಡಿ ಉದ್ದ, 10 ಅಡಿ ಅಗಲ. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಅಷ್ಟು ಜಾಗಕ್ಕೆ ತೆಳು ತಗಡಿನ ತೂಕ ಸುಮಾರು 100 ಕಿಲೋ. ಮಂಗಳೂರು ಹೆಂಚಿನದು, ಮರಮುಟ್ಟನ್ನು ಬಿಟ್ಟು, ಸುಮಾರು 800 ಕಿಲೋ. ನಾಲ್ಕಂಗುಲ ದಪ್ಪದ ಕಾಂಕ್ರೀಟಾದರೋ 4,500 ಕಿಲೋಗೂ ಮಿಗಿಲು. ತಗಡನ್ನು ಹೊರಲೆಂದು ಎದ್ದ ಮಣ್ಣುಗಾರೆಯ ಗೋಡೆಯ ಮೇಲೆ ಇಷ್ಟು ಭಾರವನ್ನು ಹೇರಿ ಅದರ ಕೆಳಗೆ ಹೆತ್ತ ತಾಯಿಯನ್ನು ಮಲಗಿಸಬಹುದೆ? ಕಾಂಕ್ರೀಟು ಕೆಟ್ಟದ್ದಲ್ಲ, ಆದರೆ ಅದಕ್ಕೆ ತಕ್ಕ ಅಸ್ತಿವಾರವೂ ಗೋಡೆಯೂ ಬೇಕು. ಈ ವಿಷಯದಲ್ಲಿ ಮೇಸ್ತ್ರಿಯ ಮಾತೊಂದೇ ಸಾಲದು. ಬಲ್ಲ ಇಂಜಿನಿಯರೊಬ್ಬರಿಗೆ ಗೋಡೆಯನ್ನು ತೋರಿಸತಕ್ಕದ್ದು.

ಹೆಂಚಿನ ಗುಣವೇನೆಂದರೆ, ಬಿಸಿಗಾಳಿಯು ಅದರ ಸಂದುಗಳಿಂದ ಮೇಲೆ ಹೋಗುತ್ತದೆ. ಒಂದು ಒಡೆದರೆ ಒಂದನ್ನೇ ಬದಲಿಸಬಹುದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ದೇಶದೇಶಗಳಿಗೆ ಹೋಯಿತು. ಇದರ ದೋಷವೆಂದರೆ ಅಡಿಯ ಮರಕ್ಕೆ ಗೆದ್ದಲಿನ ಭಯ. ಕೋತಿಗಳು ಹಾರಿದರಂತೂ ಹೆಂಚು ಉಳಿಯದು.

ತಗಡು ಅಗ್ಗ, ಹಗುರ. ಆದರೆ ಬಿಸಿಲಿಗೆ ಬೇಗ ಕಾಯುತ್ತದೆ. ಅದನ್ನೇ ಉಳಿಸಿಕೊಳ್ಳುವವರು ಕೆಳಗೆ ಗೇಣುದ್ದ ಬಿಟ್ಟು ಬಿದಿರು ಚಾಪೆಯ ಒಳಚಾವಣಿ ಕಟ್ಟಿ, ನಡುವೆ ಗಾಳಿಯಾಡಲು ಎರಡು ಕಡೆಯೂ ಕಿಂಡಿ ಬಿಡಬೇಕು. ಮೇಲೆ ತಗಡಿಗೊಪ್ಪುವ ಬಿಳಿಯ ಬಣ್ಣ ಬಳಿಸಬೇಕು. ಮೊಳೆಯನ್ನು ತಗಡಿನ ಉಬ್ಬಿನ ಮೇಲೆ, ವಾಷರು ಹಾಕಿಯೇ ಹೊಡೆಯಬೇಕು. ನಾನು ಹಿಂದೊಮ್ಮೆ ಜಾಣತನದಿಂದ ನೀರು ಹರಿಯುವ ತಗ್ಗಿನಲ್ಲಿಯೇ ಮೊಳೆ ಹೊಡೆದೆನು. ಚಿತ್ತೆಯ ಒಂದೇ ಮಳೆಗೆ ನನ್ನ ಪುಸ್ತಕದ ಪೆಟ್ಟಿಗೆ ತುಂಬಿಹೋಯಿತು. ಓದುವ ಕಾಲದಲ್ಲಿ ಕೈಯಾರೆ ಬರೆದುಕೊಂಡ ವ್ಯಾಕರಣದ ಟಿಪ್ಪಣಿಗಳು ಮಸಿಯ ನೀರಾದುವು. ಆ ತಪ್ಪಿಗೆ ಮತ್ತಾರನ್ನು ದೂರಲಿ?

ಕಲ್ನಾರಿನ, ಎಂದರೆ ಆಸ್ಬೆಸ್ಟಾಸಿನ ಷೀಟನ್ನು ಹೊಸದಾಗಿ ಕೊಳ್ಳಬೇಡಿರಿ. ಅದರ ಧೂಳು ಶ್ವಾಸಕೋಶವನ್ನು ಸೇರಿ ಬಹುವರ್ಷಗಳ ಮೇಲೆ ಕ್ಯಾನ್ಸರನ್ನು ತರಬಲ್ಲದು. ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ಈಗಾಗಲೇ ಮನೆಯ ಮೇಲಿದ್ದರೆ ಅದನ್ನು ಕೊರೆಯಬಾರದು, ಉಜ್ಜಬಾರದು, ಒಡೆಯಬಾರದು. ಮಕ್ಕಳು ಅದರ ಚೂರುಗಳೊಡನೆ ಆಡದಂತೆ ನೋಡಿಕೊಳ್ಳಬೇಕು.

ಚಾವಣಿ ಯಾವುದೇ ಆಗಲಿ, ವರ್ಷಕ್ಕೊಮ್ಮೆ, ರೋಹಿಣಿ ಮಳೆಗೆ ಮುಂಚೆ, ಯಜಮಾನನು ಅದನ್ನು ಪರೀಕ್ಷಿಸತಕ್ಕದ್ದು. ನಮ್ಮ ಸೀಮೆಯಲ್ಲಿ ದೊಡ್ಡ ಮಳೆಗಳು ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಬರುವುದರಿಂದ ಭಾದ್ರಪದದಲ್ಲಿ ಮತ್ತೊಮ್ಮೆ ನೋಡುವುದು ಲೇಸು. ದೋಣಿಯ ತರಗೆಲೆ ತೆಗೆಯಿರಿ. ತೊಲೆಯನ್ನು ಬಡಿದು ಸದ್ದು ಕೇಳಿರಿ, ಟೊಳ್ಳಾದರೆ ಗೆದ್ದಲು ಹೊಕ್ಕಿದೆ. ತಾರಸಿಯ ಮೇಲೆ ನೀರು ನಿಲ್ಲಗೊಡಬೇಡಿರಿ, ಬಿರುಕಿನಿಂದಿಳಿದ ನೀರು ಒಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಹೊರಗಿನ ಕೆಲಸ ಗಂಡಸರದಾದರೂ ಗೋಡೆಯ ಮೇಲಿನ ತೇವದ ಕಲೆಯನ್ನು ಮೊದಲು ಕಾಣುವವರು ಗೃಹಿಣಿಯರು. ಅವರ ಮಾತನ್ನು ಅಲಕ್ಷಿಸಲಾಗದು.

ಇಂಜಿನಿಯರು ಬಂದು ನೋಡಿ, ಒಂದು ಮೂಲೆಯ ಗೋಡೆಯನ್ನು ಬಿಚ್ಚಿ ಕಟ್ಟಿದರೆ ಹೆಂಚನ್ನು ಹೊರಬಲ್ಲದು, ಕಾಂಕ್ರೀಟನ್ನಲ್ಲ ಎಂದರು. ಶಿಷ್ಯನು ಹಾಗೆಯೇ ಮಾಡಿಸಿದನು; ಉಳಿದ ಹಣ ತಾಯಿಯ ಔಷಧಕ್ಕಾಯಿತು. ಮೊನ್ನೆ ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆನು. ಆಕೆ ಹೆಂಚಿನ ನೆರಳಿನಲ್ಲಿ ನೆಮ್ಮದಿಯಾಗಿ ನಿದ್ರಿಸುತ್ತಿದ್ದರು. ಎಬ್ಬಿಸದೆ ಹಿಂದಿರುಗಿದೆನು.